ಮೆಮ್‌ಟೆಸ್ಟ್86 ಪ್ಲಸ್: ಹೊಸ ಕಂಪ್ಯೂಟರ್ ಪದೇ ಪದೇ ರೀಸ್ಟಾರ್ಟ್ ಆದಾಗ ನನಗೆ ನಿಜ ಹೇಳಿದ ಪ್ರೋಗ್ರಾಂ

ಆಷಾಢದಲ್ಲಿ ಮದುವೆ ಇಲ್ಲ. ಮದುವೆ ಇಲ್ಲದ ಮೇಲೆ ಲಗ್ನಪತ್ರಿಕೆಯೂ ಇಲ್ಲ. ತುಮಕೂರಿನಲ್ಲಿ ಹದಿನೆಂಟು ವರ್ಷದಿಂದ ಡಿಟಿಪಿ ಅಂಗಡಿ ನಡೆಸುತ್ತಿರುವ ನನಗೆ ಬಿಡುವು ಅಂತ ಸಿಗುವುದು ಆ ಒಂದು ತಿಂಗಳು ಮಾತ್ರ. ಅಂಗಡಿಗೆ ಸುಣ್ಣ ಹೊಡೆಸುವುದು, ಹಳೇ ಫೈಲ್ ಒಪ್ಪ ಮಾಡುವುದು, ಎಲ್ಲ ಆಗಲೇ. ಈ ಸಲ ಹೊಸ ಕಂಪ್ಯೂಟರ್ ಜೋಡಿಸೋಣ ಅಂದುಕೊಂಡೆ. ಹಳೆಯದು ಪತ್ರಿಕೆ ವಿನ್ಯಾಸ ಮಾಡುವ ಕೋರಲ್‌ಡ್ರಾ ತೆರೆಯುವುದಕ್ಕೇ ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿತ್ತು. ಅದರಲ್ಲಿ ಇದ್ದದ್ದು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಅಂತಲೂ ಗೊತ್ತಿತ್ತು.

ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಬಿಡಿ ಭಾಗ ತಂದೆ. ರೈಜನ್ 5 5600ಜಿ ಪ್ರೊಸೆಸರ್, ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ರ್ಯಾಮ್ ಸ್ಟಿಕ್ (ಕೆಲಸ ನಡೆಯುವಾಗ ಮಾಹಿತಿ ತಾತ್ಕಾಲಿಕವಾಗಿ ಕೂರುವ ಮೆಮೊರಿ), 500 ಜಿಬಿ ಎನ್‌ವಿಎಂಇ ಡಿಸ್ಕ್, 450 ವ್ಯಾಟಿನ ಎಸ್‌ಎಂಪಿಎಸ್ (ಎಲ್ಲಕ್ಕೂ ಕರೆಂಟ್ ಕೊಡುವ ಡಬ್ಬಿ), ಒಂದು ಸಾದಾ ಕ್ಯಾಬಿನೆಟ್. ಈ ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದೆ. ಪತ್ರಿಕೆ, ಕರಪತ್ರ ಮಾಡುವವರಿಗೆ ಬೇರೆ ಗ್ರಾಫಿಕ್ಸ್ ಕಾರ್ಡಿನ ಖರ್ಚು ಬೇಡ. ಭಾನುವಾರ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ನಾನೇ ಜೋಡಿಸಿದೆ. ಬಟನ್ ಒತ್ತಿದ ತಕ್ಷಣ ಫ್ಯಾನ್ ತಿರುಗಿತು, ಬೋರ್ಡಿನ ಸೆಟ್ಟಿಂಗ್ ಪರದೆಯಾದ ಬಯೋಸ್ ಬಂತು. ಕಣ್ಣಲ್ಲಿ ನೀರು ಬಂದಷ್ಟು ಸಂತೋಷ ಆಯಿತು.

ಆಮೇಲೆ ವಿಂಡೋಸ್ 11 ಹಾಕಲು ಕೂತೆ. ಫೈಲ್ ಕಾಪಿ ಆಗುತ್ತಿತ್ತು. 38% ತಲುಪಿತು. ಪಟ್ ಅಂತ ಪರದೆ ಕಪ್ಪಾಯಿತು. ಮತ್ತೆ ಬೋರ್ಡಿನ ಲೋಗೊ.

ಇಲ್ಲಿ ಹೊಸಬರಿಗೆ ಒಂದು ಮಾತು. ವಿಂಡೋಸ್ ಹಾಕುವಾಗ ಅದು ತಾನಾಗಿಯೇ ಎರಡು ಮೂರು ಸಲ ರೀಸ್ಟಾರ್ಟ್ ಆಗುತ್ತದೆ. ಅದು ತೊಂದರೆ ಅಲ್ಲ. ಮೊದಲ ಸಲ ರೀಸ್ಟಾರ್ಟ್ ಆದಾಗ ಪೆನ್‌ಡ್ರೈವ್ ತೆಗೆಯದೇ ಇದ್ದರೆ ಕೆಲವು ಬೋರ್ಡ್‌ಗಳು ಮತ್ತೆ ಪೆನ್‌ಡ್ರೈವ್‌ನಿಂದಲೇ ಶುರು ಮಾಡುತ್ತವೆ. ಆಗ ಮೊದಲಿನಿಂದ ಭಾಷೆ ಕೇಳುವ ಪರದೆ ಬರುತ್ತದೆ. ಅದನ್ನೇ ಕೆಟ್ಟಿದೆ ಅಂದುಕೊಂಡು ಎಷ್ಟೋ ಜನ ಹೆದರುತ್ತಾರೆ. ನನ್ನದು ಅದಲ್ಲ. ಕಾಪಿ ಮುಗಿಯುವ ಮೊದಲೇ, ನಡುವಲ್ಲೇ ಹೋಗುತ್ತಿತ್ತು. ಎರಡನೇ ಸಲ 61%. ಮೂರನೇ ಸಲ 12%. ನಾಲ್ಕನೇ ಸಲ ರೀಸ್ಟಾರ್ಟ್ ಆಗಲಿಲ್ಲ, ಬೇಕಾದ ಫೈಲ್ ಹಾಕಲು ಆಗುತ್ತಿಲ್ಲ ಅಂತ 0ಎಕ್ಸ್8007025ಡಿ ಎಂಬ ಕೋಡ್ ತೋರಿಸಿ ನಿಂತಿತು.

ಭಾಗ ಕೊಟ್ಟ ಅಂಗಡಿಗೆ ಫೋನ್ ಮಾಡಿದೆ. "ಪೆನ್‌ಡ್ರೈವ್ ಸರಿ ಇಲ್ಲ ಮೇಡಂ, ಬೇರೆ ಹಾಕಿ" ಅಂದರು. ಬೇರೆ ಹಾಕಿದೆ. ಮತ್ತೆ ಅದೇ. "ನೀವೇ ಜೋಡಿಸಿದ್ರಾ? ಹಾಗಾದ್ರೆ ಫಿಟ್ಟಿಂಗ್ ಪ್ರಾಬ್ಲಂ" ಅಂದರು. ರ್ಯಾಮ್ ಇರಬಹುದಾ ಅಂತ ಕೇಳಿದೆ. "ಹೊಸ ರ್ಯಾಮ್ ಹಾಗೆಲ್ಲ ಹೋಗಲ್ಲ. ಬೇಕಾದ್ರೆ ರಬ್ಬರಲ್ಲಿ ಉಜ್ಜಿ ಹಾಕಿ" ಅಂದರು. ರ್ಯಾಮ್‌ನ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಲ್ಲಿ ಉಜ್ಜುವುದು ನಮ್ಮ ಕಡೆ ಎಲ್ಲ ಟೆಕ್ನಿಷಿಯನ್‌ಗಳೂ ಮಾಡುವ ಕೆಲಸ. ಹಳೇ ಮೆಷಿನ್‌ಗೆ ಧೂಳು, ಮಸಿ ಕೂತಿದ್ದರೆ ಅದರಿಂದ ಸರಿ ಹೋಗುವುದೂ ಉಂಟು. ಆದರೆ ಆಗ ತಾನೇ ಪ್ಯಾಕೆಟ್ ಒಡೆದ ರ್ಯಾಮ್‌ಗೆ ಯಾವ ಮಸಿ?

ಮೂರು ದಿನ ಹೀಗೇ ಹೋಯಿತು. ಯುಪಿಎಸ್ ಬಿಟ್ಟು ಗೋಡೆಯ ಪ್ಲಗ್‌ಗೇ ಹಾಕಿದೆ. ಕ್ಯಾಬಿನೆಟ್‌ನ ರೀಸೆಟ್ ಬಟನ್ ಒಳಗೆ ಸಿಕ್ಕಿಕೊಂಡಿದ್ದರೂ ಹೀಗಾಗುತ್ತದೆ ಅಂತ ಅದರ ವೈರ್ ಕಿತ್ತು ನೋಡಿದೆ. ಬೋರ್ಡ್ ಬಿಚ್ಚಿ, ಹಿಂದೆ ಹಿತ್ತಾಳೆಯ ಸ್ಟ್ಯಾಂಡಾಫ್ (ಬೋರ್ಡ್ ಕೂರುವ ಪುಟ್ಟ ಕಂಬ) ಯಾವುದಾದರೂ ಬೇಡದ ಜಾಗದಲ್ಲಿ ತಾಗುತ್ತಿದೆಯಾ ಅಂತ ಟಾರ್ಚ್ ಹಾಕಿ ನೋಡಿದೆ. ಪ್ರೊಸೆಸರಿನ 8 ಪಿನ್ ವೈರ್ ತೆಗೆದು ಮತ್ತೆ ಹಾಕಿದೆ. ಬಯೋಸ್‌ನಲ್ಲಿ ಶಾಖ 42 ಡಿಗ್ರಿ. ಎಲ್ಲ ಸರಿ ಇದೆ, ಆದರೂ ಸರಿ ಇಲ್ಲ.

ಪಕ್ಕದಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗ ಒಬ್ಬ ಇದ್ದಾನೆ. ನಾನು ಕೂತಿದ್ದ ರೀತಿ ನೋಡಿ ಟೀ ತಂದುಕೊಟ್ಟ. "ಅಕ್ಕಾ, ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುತ್ತಾ?" ಅಂತ ಕೇಳಿದ. ಇಲ್ಲ, ಒಂದೊಂದು ಸಲ ಒಂದೊಂದು ಕಡೆ ಅಂದೆ. "ಪೆನ್‌ಡ್ರೈವ್‌ನಲ್ಲಿ ಫೈಲ್ ಕೆಟ್ಟಿದ್ರೆ ಹೆಚ್ಚಾಗಿ ಅದೇ ಫೈಲ್ ಹತ್ರಾನೇ ನಿಲ್ಬೇಕಲ್ವಾ? ಜಾಗ ಬದಲಾಗ್ತಿದೆ ಅಂದ್ರೆ ಮೊದಲು ರ್ಯಾಮ್ ನೋಡಿ, ಆಮೇಲೆ ಎಸ್‌ಎಂಪಿಎಸ್. ಸುಮ್ನೆ ವಿಂಡೋಸ್ ಮತ್ತೆ ಮತ್ತೆ ಹಾಕ್ಬೇಡಿ. ಮೆಮ್‌ಟೆಸ್ಟ್ ಓಡಿಸಿ" ಅಂದ. ಮೂರು ದಿನದಲ್ಲಿ ನನಗೆ ಸಿಕ್ಕ ಮೊದಲ ಸರಿಯಾದ ಪ್ರಶ್ನೆ ಅದು.

ರ್ಯಾಮ್ ಸರಿ ಇದೆಯಾ ಅಂತ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ಉಚಿತ. ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಮೂಲ ಮೆಮ್‌ಟೆಸ್ಟ್86 ಬರೆದವರು ಕ್ರಿಸ್ ಬ್ರೇಡಿ, 1990ರ ದಶಕದಲ್ಲಿ. ಅದನ್ನು ತೆಗೆದುಕೊಂಡು ಸ್ಯಾಮುಯೆಲ್ ಡೆಮುಲೆಮೀಸ್ಟರ್ ಅವರು 2004ರಲ್ಲಿ ಈ ಪ್ಲಸ್ ಆವೃತ್ತಿ ಶುರು ಮಾಡಿದರು. ನಡುವೆ ತುಂಬಾ ವರ್ಷ ಹೊಸತೇನೂ ಬರಲಿಲ್ಲ. ಹಳೇ ಬಯೋಸ್ ಬದಲು ಹೊಸ ಬೋರ್ಡ್‌ಗಳಲ್ಲಿ ಬರುವ ಯುಇಎಫ್‌ಐಗೆ ಅದು ಹೊಂದುತ್ತಲೂ ಇರಲಿಲ್ಲ. 2022ರಲ್ಲಿ 6ನೇ ಆವೃತ್ತಿ ಬಂದ ಮೇಲೆ ಆ ಕೊರತೆ ಹೋಯಿತು. ಆದ್ದರಿಂದ ಯಾರಾದರೂ ಹಳೇ ಸಿಡಿ ಅಥವಾ ಹಳೇ 5ನೇ ಆವೃತ್ತಿ ಕೊಟ್ಟರೆ ಬೇಡ ಅನ್ನಿ. ಇನ್ನೊಂದು ಗೊಂದಲ ಹೆಸರಿನದ್ದು. ಪ್ಲಸ್ ಇಲ್ಲದ ಮೆಮ್‌ಟೆಸ್ಟ್86 ಈಗ ಪಾಸ್‌ಮಾರ್ಕ್ ಎಂಬ ಕಂಪನಿಯದ್ದು, ಅದು ಬೇರೆ. ಅದರಲ್ಲೂ ಉಚಿತ ಆವೃತ್ತಿ ಇದೆ. ನಾನು ಬರೆಯುತ್ತಿರುವುದು ಪ್ಲಸ್ ಬಗ್ಗೆ.

ಫೈಲ್ ತುಂಬಾ ಚಿಕ್ಕದು. ಹಳೇ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಒಂದು ಹಳೇ 4 ಜಿಬಿ ಪೆನ್‌ಡ್ರೈವ್‌ಗೆ ಹಾಕಿದೆ. ಹೊಸ ಮೆಷಿನ್‌ನಲ್ಲಿ ಮೊದಲಿಗೆ ಬೂಟ್ ಆಗಲಿಲ್ಲ. ಬಯೋಸ್‌ಗೆ ಹೋಗಿ, ಗುರುತಿಲ್ಲದ ಪ್ರೋಗ್ರಾಂ ಶುರುವಾಗದಂತೆ ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಿದ ಮೇಲೆ ಬಂತು. ಇದಕ್ಕೆ ವಿಂಡೋಸ್ ಬೇಕಿಲ್ಲ, ಹಾರ್ಡ್ ಡಿಸ್ಕ್ ಬೇಕಿಲ್ಲ. ಬರಿಯ ಮೆಷಿನ್ ಸಾಕು. ವಿಂಡೋಸ್ ಹಾಕಲಾಗದೆ ಒದ್ದಾಡುತ್ತಿರುವವರಿಗೆ ಇದಕ್ಕಿಂತ ಬೇರೆ ಏನು ಬೇಕು?

ಪರದೆ ನೀಲಿ. ಮೇಲೆ ಪ್ರೊಸೆಸರಿನ ಹೆಸರು, ಶಾಖ, ರ್ಯಾಮ್ ಎಷ್ಟಿದೆ, ಯಾವ ವೇಗದಲ್ಲಿದೆ. ಬಲಗಡೆ ಎರಡು ಪಟ್ಟಿ: ಪಾಸ್ (ಎಲ್ಲ ಟೆಸ್ಟ್‌ಗಳ ಒಂದು ಪೂರ್ತಿ ಸುತ್ತು) ಎಷ್ಟು ಆಗಿದೆ, ಈಗಿನ ಟೆಸ್ಟ್ ಎಷ್ಟು ಆಗಿದೆ. ಪಕ್ಕದಲ್ಲಿ ಎರರ್ ಎಷ್ಟು ಅಂತ ಒಂದು ಅಂಕಿ. ನಾವು ಏನೂ ಒತ್ತಬೇಕಿಲ್ಲ, ತಾನೇ ಶುರುವಾಗುತ್ತದೆ.

ಅದು ಏನು ಮಾಡುತ್ತದೆ ಅಂತ ನನ್ನ ಕಸುಬಿನ ಮಾತಲ್ಲೇ ಹೇಳುತ್ತೇನೆ. ಪ್ರೂಫ್ ನೋಡುವಾಗ ಒಬ್ಬರು ಕೈಬರಹದ ಪ್ರತಿ ಜೋರಾಗಿ ಓದುತ್ತಾರೆ, ಇನ್ನೊಬ್ಬರು ಅಚ್ಚಾದದ್ದರ ಮೇಲೆ ಬೆರಳಿಟ್ಟುಕೊಂಡು ಹೋಗುತ್ತಾರೆ. ಮೆಮ್‌ಟೆಸ್ಟ್ ಎರಡೂ ಕೆಲಸ ತಾನೊಂದೇ ಮಾಡುತ್ತದೆ. ರ್ಯಾಮ್‌ನ ಮೂಲೆ ಮೂಲೆಗೆ ಒಂದು ಅಂಕಿ ಬರೆಯುತ್ತದೆ. ಆಮೇಲೆ ಅದನ್ನು ಓದುತ್ತದೆ. ಬರೆದದ್ದೂ ಓದಿದ್ದೂ ಒಂದೇನಾ ಅಂತ ನೋಡುತ್ತದೆ. ಎಲ್ಲ ಸೊನ್ನೆ ಬರೆದು ನೋಡುತ್ತದೆ, ಎಲ್ಲ ಒಂದು ಬರೆದು ನೋಡುತ್ತದೆ, ತಲೆಕೆಳಗು ಮಾಡಿ ನೋಡುತ್ತದೆ, ಮನಸ್ಸಿಗೆ ಬಂದ ಯಾವುದೋ ಅಂಕಿ ಹಾಕಿ ನೋಡುತ್ತದೆ. ಒಂದು ಟೆಸ್ಟ್‌ನಲ್ಲಿ ಬರೆದು ಸುಮ್ಮನೆ ಕಾಯುತ್ತದೆ, ಅಷ್ಟು ಹೊತ್ತಾದ ಮೇಲೂ ಬರೆದದ್ದು ಹಾಗೇ ಉಳಿದಿದೆಯಾ ಅಂತ ಓದುತ್ತದೆ.

ಏಳನೇ ನಿಮಿಷಕ್ಕೆ ಮೊದಲ ಕೆಂಪು ಸಾಲು ಬಂತು.

ಹತ್ತಿರ ಹೋಗಿ ಕನ್ನಡಕ ಏರಿಸಿಕೊಂಡು ನೋಡಿದೆ. ಇರಬೇಕಾದದ್ದು ಅಂತ ಒಂದು ಕಡೆ ಸೊನ್ನೆಗಳ ಸಾಲು. ಸಿಕ್ಕಿದ್ದು ಅಂತ ಪಕ್ಕದಲ್ಲಿ ಅದೇ ಸೊನ್ನೆಗಳ ಸಾಲು, ಆದರೆ ನಡುವೆ ಒಂದು ಜಾಗದಲ್ಲಿ ಮಾತ್ರ 4. ಕೆಳಗಿನ ಸಾಲಿನಲ್ಲೂ ಅದೇ ಜಾಗದಲ್ಲಿ 4. ಅದರ ಕೆಳಗೂ 4. ಅಷ್ಟು ಸೊನ್ನೆಗಳ ನಡುವೆ ಒಂದೇ ಒಂದು ಬಿಟ್ (ಸೊನ್ನೆ ಇಲ್ಲವೇ ಒಂದು ಹಿಡಿಯುವ ಅತಿ ಚಿಕ್ಕ ಜಾಗ) ತಪ್ಪು.

ಇದೆಷ್ಟು ದೊಡ್ಡದು ಅಂತ ಅನಿಸಬಹುದು. ಪತ್ರಿಕೆಯಲ್ಲಿ ಒಂದು ಒತ್ತು ಬಿಟ್ಟುಹೋದರೆ ಏನಾಗುತ್ತದೆ ಅಂತ ನನ್ನನ್ನು ಕೇಳಿ. ಮದುಮಗಳ ಹೆಸರಲ್ಲಿ ಒಂದು ಒತ್ತು ಹೋದರೆ ಐನೂರು ಪತ್ರಿಕೆಯೂ ಹೋದಂತೆ. ವಿಂಡೋಸ್ ಹಾಕುವಾಗಲೂ ಹಾಗೆಯೇ. ಪೆನ್‌ಡ್ರೈವ್‌ನಲ್ಲಿರುವುದು ಹಲವು ಜಿಬಿಯ ಒತ್ತಿ ಕಟ್ಟಿದ ಒಂದು ದೊಡ್ಡ ಫೈಲ್. ಅದನ್ನು ರ್ಯಾಮ್‌ಗೆ ತಂದು, ಬಿಚ್ಚಿ, ಲೆಕ್ಕ ತಾಳೆ ನೋಡಿ, ಡಿಸ್ಕಿಗೆ ಬರೆಯುತ್ತಾರೆ. ಆ ತಪ್ಪು ಬಿಟ್ ಫೈಲಿನ ಭಾಗದಲ್ಲಿ ಬಿದ್ದರೆ ತಾಳೆ ತಪ್ಪಿ ಎರರ್ ಕೋಡ್ ಬರುತ್ತದೆ. ಓಡುತ್ತಿರುವ ಪ್ರೋಗ್ರಾಂನಲ್ಲೇ ಬಿದ್ದರೆ ಮೆಷಿನ್ ಬಿದ್ದು ರೀಸ್ಟಾರ್ಟ್ ಆಗುತ್ತದೆ. ಪ್ರತಿ ಸಲ ಯಾವುದು ರ್ಯಾಮ್‌ನ ಯಾವ ಜಾಗದಲ್ಲಿ ಕೂರುತ್ತದೋ ಹೇಳಲಾಗದು. ಅದಕ್ಕೇ 38, 61, 12. ಬಯೋಸ್‌ನಲ್ಲಿ ಗಂಟೆಗಟ್ಟಲೆ ಏನೂ ಆಗದೆ ಇದ್ದದ್ದೂ ಅದಕ್ಕೇ. ಬಯೋಸ್ ಬಳಸುವುದು ರ್ಯಾಮ್‌ನ ಒಂದು ಚೂರು ಮಾತ್ರ.

ಇಷ್ಟಕ್ಕೇ ರ್ಯಾಮ್ ಕೆಟ್ಟಿದೆ ಅಂತ ಹೇಳಿಬಿಡುವ ಹಾಗಿಲ್ಲ. ಪ್ಯಾಕೆಟ್ ಮೇಲೆ ವೇಗ 3200 ಅಂತ ಇದ್ದರೂ ನನ್ನ ಸ್ಟಿಕ್‌ಗಳು ತಾವಾಗಿ 2666ರಲ್ಲೇ ಓಡುತ್ತವೆ. 3200 ಬೇಕಾದರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಬೇಕು. ನಾನು ಮಾಡಿದ್ದೆ. ಕೆಲವು ಸಲ ರ್ಯಾಮ್ ಚೆನ್ನಾಗೇ ಇರುತ್ತದೆ, ಆ ವೇಗ ಆ ಬೋರ್ಡಿಗೆ ಒಗ್ಗುವುದಿಲ್ಲ, ಅಷ್ಟೇ. ಆದ್ದರಿಂದ ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ಓಡಿಸಿದೆ. ಈ ಸಲ ಕೆಂಪು ಸಾಲು ಬರಲು ಇಪ್ಪತ್ತು ನಿಮಿಷ ಆಯಿತು, ಕಡಿಮೆಯೂ ಇತ್ತು. ಆದರೆ ಬಂತು. ಆ 4 ಅದೇ ಜಾಗದಲ್ಲಿತ್ತು.

ಮಾರನೇ ದಿನ ಸ್ಟಿಕ್‌ಗಳಿಗೆ ಚೀಟಿ ಅಂಟಿಸಿ ಒಂದು, ಎರಡು ಅಂತ ಬರೆದೆ. ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ ಉಳಿದ ಕರೆಂಟ್ ಹೋಗಲು ಬಿಟ್ಟು, ಕ್ಯಾಬಿನೆಟ್‌ನ ಕಬ್ಬಿಣ ಮುಟ್ಟಿ, ಎರಡನ್ನೂ ತೆಗೆದೆ. ಒಂದನೇ ಸ್ಟಿಕ್ ಮಾತ್ರ ಪ್ರೊಸೆಸರಿನಿಂದ ಎಣಿಸಿದರೆ ಎರಡನೇ ಸ್ಲಾಟ್‌ಗೆ ಹಾಕಿದೆ. ನಾಲ್ಕು ಸ್ಲಾಟ್ ಇರುವ ಹೆಚ್ಚಿನ ಬೋರ್ಡ್‌ಗಳಲ್ಲಿ ಒಂದೇ ಸ್ಟಿಕ್ ಇದ್ದರೆ ಅಲ್ಲೇ ಹಾಕಬೇಕು. ಎರಡೂ ಕಡೆ ಹೆಬ್ಬೆರಳಿಟ್ಟು ಒತ್ತಿದರೆ ಕಟಕ್ ಅಂತ ಕೂರುತ್ತದೆ. ಆ ಸದ್ದು ಬರುವವರೆಗೂ ನಂಬಬಾರದು. ಅರ್ಧ ಗಂಟೆಯಲ್ಲಿ ಒಂದು ಪಾಸ್ ಮುಗಿಯಿತು. ಎರರ್ ಸೊನ್ನೆ. ಎರಡನೇ ಸ್ಟಿಕ್ ಅದೇ ಸ್ಲಾಟ್‌ಗೆ ಹಾಕಿದೆ. ನಾಲ್ಕೇ ನಿಮಿಷಕ್ಕೆ ಕೆಂಪು. ಕೊನೆಗೆ ಅದನ್ನೇ ನಾಲ್ಕನೇ ಸ್ಲಾಟ್‌ಗೆ ಹಾಕಿದೆ. ಅಲ್ಲೂ ಕೆಂಪು. ಸ್ಲಾಟ್ ಬದಲಾದರೂ ತಪ್ಪು ಸ್ಟಿಕ್‌ನ ಜೊತೆಗೇ ಹೋಯಿತು. ಬೋರ್ಡಿನದ್ದಲ್ಲ, ನನ್ನ ಕೈಯದ್ದೂ ಅಲ್ಲ. ಆ ಎರಡನೇ ಸ್ಟಿಕ್‌ನದ್ದೇ.

ಈ ಪ್ರೋಗ್ರಾಂ ಬಗ್ಗೆ ನನ್ನ ದೊಡ್ಡ ದೂರು ಇಲ್ಲೇ ಇದೆ. ನಾನು ಓಡಿಸಿದಾಗ ಯಾವ ಸ್ಟಿಕ್ ಕೆಟ್ಟಿದೆ ಅಂತ ಅದು ಹೇಳಲಿಲ್ಲ. ರ್ಯಾಮ್‌ನ ಯಾವ ವಿಳಾಸದಲ್ಲಿ ತಪ್ಪಿದೆ ಅಂತ ಉದ್ದದ ಅಂಕಿ ತೋರಿಸಿತು. ಅದರಿಂದ ನಮ್ಮಂಥವರಿಗೆ ಏನೂ ಗೊತ್ತಾಗುವುದಿಲ್ಲ. ಒಂದೊಂದೇ ಕಿತ್ತು ಹಾಕಿ ಕಂಡುಕೊಳ್ಳಬೇಕಾಯಿತು. ಪರದೆಯ ಮೇಲಿನದ್ದೆಲ್ಲ ಇಂಗ್ಲಿಷ್. ಫಲಿತಾಂಶ ಉಳಿಸಿಕೊಳ್ಳುವ ದಾರಿಯೂ ನನಗೆ ಕಾಣಲಿಲ್ಲ. ಫೋನಿನಲ್ಲಿ ಫೋಟೋ ತೆಗೆದುಕೊಂಡೆ, ವಿಡಿಯೋ ಮಾಡಿದೆ. ವಿಡಿಯೋದಲ್ಲಿ ಮೊದಲು ಸ್ಟಿಕ್‌ನ ಸೀರಿಯಲ್ ನಂಬರ್ ತೋರಿಸಿ, ಅದನ್ನು ಹಾಕುವುದು ತೋರಿಸಿ, ಆಮೇಲೆ ಕೆಂಪು ಸಾಲು ಬರುವವರೆಗೂ ಬಿಟ್ಟೆ.

ಆ ವಿಡಿಯೋ ಕೆಲಸಕ್ಕೆ ಬಂತು. ಬಸ್ಸಿನಲ್ಲಿ ಮಾದಾವರಕ್ಕೆ ಹೋಗಿ, ಅಲ್ಲಿಂದ ಹಸಿರು ಮೆಟ್ರೋ ಹಿಡಿದು ಕೆಆರ್ ಮಾರ್ಕೆಟ್‌ನಲ್ಲಿ ಇಳಿದು, ಮತ್ತೆ ಎಸ್‌ಪಿ ರೋಡಿನ ಅದೇ ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದವರು ಮೊದಲು "ಬಿಟ್ಟು ಹೋಗಿ ಮೇಡಂ, ಚೆಕ್ ಮಾಡ್ತೀವಿ, ಒಂದು ವಾರ" ಅಂದರು. ನಾನು ಫೋನ್ ಮುಂದಿಟ್ಟೆ. ವಿಡಿಯೋ ಅರ್ಧ ನೋಡುವಷ್ಟರಲ್ಲಿ ಮಾತು ನಿಂತಿತು. ಒಳಗಿನಿಂದ ಒಬ್ಬರನ್ನು ಕರೆದರು. ಅವರು ತಮ್ಮ ಬೋರ್ಡಿಗೆ ಸ್ಟಿಕ್ ಹಾಕಿ ಅದೇ ಟೆಸ್ಟ್ ಓಡಿಸಿದರು. ಕೆಂಪು ಬಂತು. ಒಂದನ್ನೇ ಬದಲಾಯಿಸಿದರೆ ಜೋಡಿ ಕೂಡುವುದಿಲ್ಲ ಅಂತ ಅವರೇ ಹೇಳಿ, ಎರಡೂ ಇರುವ ಹೊಸ ಪ್ಯಾಕ್ ಕೊಟ್ಟರು. ಜಗಳ ಆಡಲಿಲ್ಲ, ಧ್ವನಿ ಏರಿಸಲಿಲ್ಲ. ಫೋನಿನಲ್ಲಿ ಮೂರು ದಿನ ಹೇಳಿ ಆಗದ್ದು ಇಪ್ಪತ್ತು ನಿಮಿಷದಲ್ಲಿ ಆಯಿತು. ನಾವು ಹೆಂಗಸರು ಎಸ್‌ಪಿ ರೋಡಿಗೆ ಹೋಗಿ ಇದು ಕೆಟ್ಟಿದೆ ಅಂದರೆ, ಹಾಕಲು ಬರಲಿಲ್ಲ ಅಂತಲೇ ಮೊದಲು ಅಂದುಕೊಳ್ಳುತ್ತಾರೆ. ಅದು ನನಗೆ ತುಂಬಾ ನೋವಾಗುವ ವಿಷಯ. ಅವತ್ತು ಆ ಕೆಂಪು ಸಾಲುಗಳು ನನ್ನ ಪರವಾಗಿ ಮಾತಾಡಿದವು.

ಹೊಸ ಸ್ಟಿಕ್‌ಗಳನ್ನು ಸೀದಾ ಕೆಲಸಕ್ಕೆ ಹಚ್ಚಲಿಲ್ಲ. ರಾತ್ರಿ ಮೆಮ್‌ಟೆಸ್ಟ್ ಹಾಕಿ ಮನೆಗೆ ಹೋದೆ. ಒಂದು ಪಾಸ್ ಸಾಲದು. ಕೆಲವು ತಪ್ಪುಗಳು ಮೆಷಿನ್ ಬಿಸಿಯಾದ ಮೇಲೆ, ಎರಡನೇ ಮೂರನೇ ಪಾಸ್‌ನಲ್ಲಿ ಹೊರಗೆ ಬರುತ್ತವೆ. ಬೆಳಗ್ಗೆ ಬಾಗಿಲು ತೆಗೆದಾಗ ಏಳು ಪಾಸ್ ಆಗಿತ್ತು. ಎರರ್ ಸೊನ್ನೆ. ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿದೆ, ಇದನ್ನು ಮರೆಯಬೇಡಿ. ವಿಂಡೋಸ್ ಒಂದೇ ಸಲಕ್ಕೆ ಕೂತಿತು. ಆಮೇಲೆ ಎಕ್ಸ್‌ಎಂಪಿ ಆನ್ ಮಾಡಿ ಇನ್ನೊಂದು ರಾತ್ರಿ ಓಡಿಸಿದೆ, ಆಗಲೂ ಸೊನ್ನೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಹಾಕಿ, ಹಳೇ ಫಾಂಟ್‌ಗಳನ್ನೆಲ್ಲ ತಂದು, ಹೋದ ವರ್ಷದ ಗಣೇಶೋತ್ಸವದ ರಸೀದಿ ಪುಸ್ತಕದ ಫೈಲ್ ತೆರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಶ್ರಾವಣ ಹುಟ್ಟಲು ಇನ್ನೂ ಐದು ದಿನ ಇತ್ತು.

ಮೆಮ್‌ಟೆಸ್ಟ್ ಎಲ್ಲ ರೋಗಕ್ಕೂ ಮದ್ದಲ್ಲ. ಅದು ನೋಡುವುದು ಮುಖ್ಯವಾಗಿ ರ್ಯಾಮ್, ಮತ್ತೆ ರ್ಯಾಮ್‌ಗೂ ಪ್ರೊಸೆಸರಿಗೂ ನಡುವಿನ ದಾರಿ. ರಾತ್ರಿಯೆಲ್ಲ ಓಡಿ ಸೊನ್ನೆ ಬಂದರೂ ವಿಂಡೋಸ್ ಹಾಕುವಾಗ ರೀಸ್ಟಾರ್ಟ್ ಆಗುತ್ತಿದ್ದರೆ, ಡಿಸ್ಕ್, ಬಯೋಸ್ ಆವೃತ್ತಿ, ಎಸ್‌ಎಂಪಿಎಸ್ ಕಡೆ ನೋಡಬೇಕು. ಆದರೆ ಆ ಸೊನ್ನೆಗೂ ಬೆಲೆ ಇದೆ. ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಯಾವ ಸ್ಟಿಕ್ ಅಂತ ಸೀದಾ ಹೇಳಿದ್ದರೆ ಆ ಅರ್ಧವನ್ನೂ ಕೊಡುತ್ತಿದ್ದೆ.

ಇನ್ನೂ ಒಂದು ಥರ ಇದೆ. ಹೋದ ವಾರ ಗುಬ್ಬಿಯಿಂದ ಪ್ರಿಂಟಿಂಗ್ ಪ್ರೆಸ್ಸಿನ ಹಿರಿಯರೊಬ್ಬರು ತಮ್ಮ ಹೊಸ ಮೆಷಿನ್ ಹೊತ್ತು ತಂದರು. "ನೋಡಮ್ಮಾ, ನಿಂದೂ ಹೀಗೇ ಆಗಿತ್ತಂತಲ್ಲ" ಅಂದರು. ಮೆಮ್‌ಟೆಸ್ಟ್ ಹಾಕಿದೆ. ಕೆಂಪು ಸಾಲು ಬರಲಿಲ್ಲ. ಮೂರನೇ ನಿಮಿಷಕ್ಕೆ ಮೆಷಿನ್ನೇ ರೀಸ್ಟಾರ್ಟ್ ಆಯಿತು. ಮತ್ತೆ ಹಾಕಿದೆ, ಮತ್ತೆ ಮೂರು ನಾಲ್ಕು ನಿಮಿಷಕ್ಕೆ ಅದೇ. ಟೆಸ್ಟ್ ಓಡುವಾಗಲೇ ಮೆಷಿನ್ ಬಿದ್ದರೆ ನಾನು ಮೊದಲು ನೋಡುವುದು ಶಾಖ, ಆಮೇಲೆ ಎಸ್‌ಎಂಪಿಎಸ್. ಶಾಖ ಪರದೆ ಮೇಲೇ ಕಾಣುತ್ತಿತ್ತು, 50 ದಾಟಿರಲಿಲ್ಲ. 12 ವೋಲ್ಟಿನ ಹಳದಿ ವೈರಿಗೆ ಮೀಟರ್ ಹಿಡಿದು ನೋಡುತ್ತಾ ಕೂತೆವು. ನಿಯಮದ ಪ್ರಕಾರ ಅದು 5% ಮಾತ್ರ ಆಚೀಚೆ ಆಗಬಹುದು, ಅಂದರೆ 11.4ರಿಂದ 12.6ರ ಒಳಗೆ ಇರಬೇಕು. ಟೆಸ್ಟ್ ಜೋರಾದಾಗ 11.2ಕ್ಕೆ ಇಳಿಯಿತು, ಪರದೆ ಕಪ್ಪಾಯಿತು. ಕರೆಂಟ್ ಸರಿ ಇದೆ ಅಂತ ಎಸ್‌ಎಂಪಿಎಸ್ ಬೋರ್ಡಿಗೆ ಒಂದು ಸಿಗ್ನಲ್ ಕೊಡುತ್ತಲೇ ಇರಬೇಕು, ಅದು ನಿಂತರೆ ಬೋರ್ಡ್ ರೀಸೆಟ್ ಆಗುತ್ತದೆ. ಕ್ಯಾಬಿನೆಟ್ ಜೊತೆಗೇ ಬಂದ ಅಗ್ಗದ ಎಸ್‌ಎಂಪಿಎಸ್ ಅದು. ತೆಗೆದು, ನಿನ್ನೆ ಸಂಜೆ ಬೇರೆ ಒಳ್ಳೆಯದು ಹಾಕಿದೆವು.

ಆ ಮೆಷಿನ್ ಈಗ ನನ್ನ ಮೇಜಿನ ಪಕ್ಕದಲ್ಲೇ ಓಡುತ್ತಿದೆ. ಹಿರಿಯರು ಸ್ಟೂಲ್ ಮೇಲೆ ಕೂತು ಕಣ್ಣು ತೆಗೆಯದೆ ನೋಡುತ್ತಿದ್ದಾರೆ. ಎರಡನೇ ಪಾಸ್, 64%. ಎರರ್ ಸೊನ್ನೆ.